ಮಡಿಕೇರಿಯಿಂದ ಕಡಲತೀರದ ರೆಸಾರ್ಟ್‌ಗೆ ಹೋದಾಗ ಊಟದ ಕೊನೆಗೆ ಯಾವ ಸಿಹಿ ತಿನ್ನಬಹುದು?

ಕೊಡಗಿನ ತಂಪಿಗೆ ಒಗ್ಗಿದವರಿಗೆ ಕರಾವಳಿಯ ಸೆಕೆಯಲ್ಲಿ ತಣ್ಣನೆಯ ಸಿಹಿಯೇ ಹಿತವೆನಿಸುವುದರಿಂದ, ಮಂಗಳೂರು, ಉಡುಪಿ ಕಡೆಗೆ ಹೋಗುವವರು ಎತ್ತರದ ಗಾಜಿನ ಲೋಟದಲ್ಲಿ ಐಸ್‌ಕ್ರೀಮ್, ಜೆಲ್ಲಿ, ಹಣ್ಣುಗಳನ್ನು ಪದರಪದರವಾಗಿ ತುಂಬಿ ಕೊಡುವ ಗಡ್‌ಬಡ್ ಕೇಳಬಹುದು. ಚಾಕೊಲೇಟ್ ಬ್ರೌನಿ ಮಡಿಕೇರಿಯಲ್ಲೂ ಸಿಗುವುದರಿಂದ ಅಲ್ಲಿ ಅದನ್ನೇ ಕೇಳಬೇಕಿಲ್ಲ. ಗೋವಾದಲ್ಲಾದರೆ ನನ್ನ ಆಯ್ಕೆ ಬೆಬಿಂಕಾ. ಮೈದಾ, ತೆಂಗಿನಹಾಲು, ಸಕ್ಕರೆ, ತುಪ್ಪ ಮತ್ತು ಮೊಟ್ಟೆಯ ಹಳದಿ ಭಾಗ ಕಲಸಿದ ಹಿಟ್ಟನ್ನು, ಒಂದು ಪದರ ಬೆಂದ ಮೇಲೆಯೇ ಇನ್ನೊಂದನ್ನು ಹೊಯ್ಯುತ್ತಾ, ಸಾಂಪ್ರದಾಯಿಕವಾಗಿ ಏಳು ಪದರಗಳಾಗಿ ಬೇಯಿಸುವ ಈ ಸಿಹಿಗೆ 2023ರಲ್ಲಿ, ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂದು ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ದೊರೆತಿದೆ. ಅದನ್ನು ತುಸು ಬೆಚ್ಚಗೆ ಮಾಡಿಸಿ ವೆನಿಲಾ ಐಸ್‌ಕ್ರೀಮ್ ಜೊತೆ ತಿನ್ನುವುದು ಉತ್ತಮ. ಮೊಟ್ಟೆ ತಿನ್ನದವರು ತೆಂಗಿನಹಾಲು, ಬೆಲ್ಲ, ಅಕ್ಕಿಹಿಟ್ಟಿನ ದೋದೋಲ್ ಅಥವಾ ಕೆನೆಯ ನಡುವೆ ಮಾರಿ ಬಿಸ್ಕತ್ತಿನ ಪುಡಿ ಹರಡಿದ ಸೆರಾದುರಾ ತರಿಸಿಕೊಳ್ಳಬಹುದು.