ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕ ಕಬ್ಬಿಣದ ಕಡ್ಡಿ

(ಸಾಗರ ತಾಲ್ಲೂಕಿನ ಓದುಗರೊಬ್ಬರು ತಮ್ಮ ಹಳೆಯ ಮನೆಯನ್ನು ಕಳಚುವಾಗ ಅಟ್ಟದ ಪೆಟ್ಟಿಗೆಯಲ್ಲಿ ಗೇಣಿಗಿಂತ ತುಸು ಗಿಡ್ಡನೆಯ ಕಬ್ಬಿಣದ ಸಾಧನವೊಂದು ಸಿಕ್ಕಿತೆಂದು ಬರೆದು, ಅದರ ಚಿತ್ರವನ್ನು ಕಳುಹಿಸಿದ್ದಾರೆ. ಅದರ ಒಂದು ತುದಿ ಮೊನೆ, ಇನ್ನೊಂದು ತುದಿ ಚಪ್ಪಟೆಯಾದ ಅಲಗು, ನಡುವೆ ಹಿತ್ತಾಳೆಯ ಬಳೆ; ನಡುಭಾಗ ನುಣುಪಾಗಿದೆ. ಮನೆಯವರು ಅದನ್ನು ಗೋಣಿ ಹೊಲಿಯುವ ದಬ್ಬಣವೆಂದೂ ನೆರೆಮನೆಯ ಹಿರಿಯರು ಚರ್ಮ ಚುಚ್ಚುವ ಉಳಿಯೆಂದೂ ಹೇಳುತ್ತಾರಂತೆ. ಜೊತೆಯಲ್ಲಿದ್ದ, ಎರಡೆರಡು ತೂತುಗಳಿರುವ ಎರಡು ಮರದ ಪಟ್ಟಿಗಳನ್ನು ಮಗ್ಗದ ಬಿಡಿಭಾಗವೆಂದು ಅವರು ಊಹಿಸಿದ್ದಾರೆ. ತುಕ್ಕು ತಿಕ್ಕಿ, ಸಾಣೆ ಹಿಡಿಸಿ ಬಳಸಬಹುದೇ ಎಂಬುದು ಅವರ ಪ್ರಶ್ನೆ.)

ಮಾನ್ಯರೇ,

ದಯವಿಟ್ಟು ಸಾಣೆ ಹಿಡಿಸಬೇಡಿ. ಉಪ್ಪುಕಾಗದದಿಂದ ತಿಕ್ಕಲೂ ಬೇಡಿ. ನಿಮ್ಮ ಕೈಯಲ್ಲಿರುವುದು ಓಲೆಗರಿಯ ಮೇಲೆ ಬರೆಯುವ ಕಂಟ ಎಂದು ನಾನು ನಂಬುತ್ತೇನೆ. ಕೆಲವರು ಇದನ್ನು ಕಂಠವೆಂದೂ ಬರೆಯುತ್ತಾರೆ. ಮಲಯಾಳದಲ್ಲಿ ನಾರಾಯಂ ಎಂದೂ ತಮಿಳಿನಲ್ಲಿ ಎಳುತ್ತಾಣಿ ಎಂದೂ ಕರೆಯುವುದು ಇದನ್ನೇ.

ಹೆಸರು ತಿಳಿಯದ ಸಾಧನವನ್ನು ಗುರುತಿಸಲು ಹೊರಟಾಗ ನಾವು ಸಾಮಾನ್ಯವಾಗಿ ಮೊನೆಯನ್ನು ನೋಡಿ, ನಮಗೆ ಗೊತ್ತಿರುವ ಯಾವುದೋ ಮೊನೆಯ ಹೆಸರನ್ನು ಅದಕ್ಕೆ ಕೊಟ್ಟುಬಿಡುತ್ತೇವೆ. ಆದರೆ ದಬ್ಬಣವಾಗಿದ್ದರೆ ದಾರ ಪೋಣಿಸಲು ಕಣ್ಣು ಬೇಕಿತ್ತು. ನಿಮ್ಮ ಚಿತ್ರದಲ್ಲಿ ಅದಿಲ್ಲ. ಚರ್ಮ ಚುಚ್ಚುವ ಉಳಿಯಾಗಿದ್ದರೆ ಅಂಗೈಯಿಂದ ಒತ್ತಲು ಮರದ ಹಿಡಿ ಇರಬೇಕಿತ್ತು. ಒತ್ತುವ ಕಡೆಯಲ್ಲೇ ಅಲಗಿರುವ ಉಳಿಯನ್ನು ಯಾವ ಕಮ್ಮಾರನೂ ಮಾಡಿಕೊಡಲಾರ. ಹಾಗಾಗಿ ಇದು ಒತ್ತಿ ಚುಚ್ಚುವುದಕ್ಕಲ್ಲ, ಹಗುರವಾಗಿ ಗೀರುವುದಕ್ಕೆ ಮಾಡಿದ ಮೊನೆ ಎಂಬ ಕಡೆಗೆ ಯೋಚನೆ ಹರಿಯುತ್ತದೆ. ಅಲಗು ಯಾಕೆಂಬುದಕ್ಕೂ ಆಗ ಉತ್ತರ ಸಿಗುತ್ತದೆ: ಗರಿಯ ಅಂಚನ್ನು ಕತ್ತರಿಸಿ ಒಂದೇ ಅಳತೆಗೆ ತರುವ ಕೆಲಸವೂ ಬರೆಯುವವನದೇ ಆಗಿತ್ತು.

ಬರೆಯುವ ಕ್ರಮವನ್ನು ತಿಳಿದರೆ ನಡುವಿನ ನುಣುಪೂ ಅರ್ಥವಾಗುತ್ತದೆ. ಶ್ರೀತಾಳೆಯ ಇಲ್ಲವೇ ತಾಳೆಯ ಗರಿಯನ್ನು ಬೇಯಿಸಿ, ಒಣಗಿಸಿ, ತಿಕ್ಕಿ ನಯಮಾಡಿ ಅಳತೆಗೆ ಕತ್ತರಿಸುತ್ತಿದ್ದರು. ಬರೆಯುವವನು ಗರಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮುಷ್ಟಿಯಲ್ಲಿ ಕಂಟವನ್ನು ನಿಲ್ಲಿಸಿ, ಎಡಗೈಯ ಹೆಬ್ಬೆರಳನ್ನು ಅದಕ್ಕೆ ಆನಿಸಿ ಮೊನೆಯನ್ನು ನಡೆಸುತ್ತಿದ್ದ; ಬಲಗೈ ಹೆಚ್ಚು ಸರಿಯದೆ ಇದ್ದಲ್ಲೇ ಇರುತ್ತಿತ್ತು, ಅಕ್ಷರ ಮುಂದುವರಿದಂತೆಲ್ಲ ಗರಿಯೇ ಎಡಕ್ಕೆ ಸರಿಯುತ್ತಿತ್ತು. ಕಂಟ ಜಾರದಿರಲೆಂದು ಹೆಬ್ಬೆರಳಿನ ಉಗುರಿನಲ್ಲಿ ಸಣ್ಣ ಕಚ್ಚು ಮಾಡಿಕೊಳ್ಳುವ ರೂಢಿಯೂ ಇತ್ತು. ಹೀಗೆ ಗೀರಿದ ಅಕ್ಷರ ಮೊದಲಿಗೆ ಕಣ್ಣಿಗೆ ಕಾಣುವುದೇ ಕಷ್ಟ. ಎಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆಯನ್ನು ಗರಿಯ ಮೇಲೆ ಸವರಿ ಬಟ್ಟೆಯಿಂದ ಒರೆಸಿದಾಗ, ಮಸಿ ಗೀರುಗಳಲ್ಲಷ್ಟೇ ಉಳಿದು ಓದಲು ಬರುತ್ತಿತ್ತು. ಮೊನೆ ತೀರ ಹರಿತವಾಗಿದ್ದರೆ ಗರಿಯ ನಾರು ಸೀಳುತ್ತದೆ. ಸಾಣೆ ಬೇಡವೆಂದು ನಾನು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ. ಆ ಮೊನೆಯ ಸವೆತವೇ ಅದರ ಚರಿತ್ರೆ.

ಇಷ್ಟಾದರೂ, ಕಡ್ಡಿಯೊಂದೇ ಸಿಕ್ಕಿದ್ದರೆ ನಾನು ಇಷ್ಟು ಧೈರ್ಯದಿಂದ ಬರೆಯುತ್ತಿರಲಿಲ್ಲ. ನನ್ನನ್ನು ಒಪ್ಪಿಸಿದ್ದು ನೀವು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಆ ಮರದ ಪಟ್ಟಿಗಳು. ಓಲೆಗರಿಗಳ ಕಟ್ಟಿಗೆ ಮೇಲೊಂದು ಕೆಳಗೊಂದು ಹಲಗೆ ಇಟ್ಟು, ಹಲಗೆ ಮತ್ತು ಗರಿಗಳ ತೂತುಗಳಲ್ಲಿ ದಾರ ಹಾಯಿಸಿ ಬಿಗಿಯುತ್ತಿದ್ದರು. ನಿಮ್ಮ ಎರಡೂ ಪಟ್ಟಿಗಳಲ್ಲಿ ತೂತುಗಳು ಒಂದೇ ಜಾಗದಲ್ಲಿವೆ ಎಂದು ನೀವೇ ಬರೆದಿದ್ದೀರಿ. ಅಪರಿಚಿತ ವಸ್ತುವನ್ನು ಅದರ ಜೊತೆಗಿದ್ದ ವಸ್ತುಗಳಿಂದ ಬೇರ್ಪಡಿಸಿದರೆ ಅರ್ಧ ಸಾಕ್ಷ್ಯ ಹೋಯಿತು. ನೀವು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಉಳಿಸಿಕೊಂಡದ್ದು ನನಗೆ ಬಹಳ ಸಂತೋಷ ತಂದಿದೆ.

ನಿಮ್ಮ ಹಿರಿಯರು ಶಾನುಭೋಗರಾಗಿದ್ದರೆಂದೂ, ಆದ್ದರಿಂದ ಇದು ಲೆಕ್ಕಪತ್ರಕ್ಕೆ ಸಂಬಂಧಿಸಿದ್ದಿರಬಹುದೇ ಎಂದೂ ಕೇಳಿದ್ದೀರಿ. ಶಾನುಭೋಗರ ಕಡತ ಮಸಿಬಣ್ಣ ಬಳಿದ ಬಟ್ಟೆಯ ಮಡಿಕೆ, ಅದರಲ್ಲಿ ಬರೆಯುತ್ತಿದ್ದುದು ಬಳಪದಿಂದ. ಅದಕ್ಕೆ ಕಂಟ ಬೇಕಿರಲಿಲ್ಲ. ಹಾಗಾದರೆ ನಿಮ್ಮ ಮನೆಯಲ್ಲಿ ಯಾರೋ ಓಲೆಯ ಮೇಲೂ ಬರೆದಿದ್ದಾರೆ. ಕಾವ್ಯವೋ, ಪುರಾಣವೋ, ವೈದ್ಯವೋ, ಆ ಗರಿಗಳು ಎಲ್ಲಿ ಎಂಬುದೇ ಈಗ ನನ್ನನ್ನು ಕಾಡುತ್ತಿರುವ ಪ್ರಶ್ನೆ. ಕೌಟಿಲ್ಯನ ಅರ್ಥಶಾಸ್ತ್ರವು ‘ಗ್ರಂಥ’ ಎಂಬ ಹೆಸರಿನ ಲಿಪಿಯ ಓಲೆಗರಿಯಲ್ಲಿ ಉಳಿದು ಬಂದು, ಮೈಸೂರಿನಲ್ಲಿ ವಿದ್ವಾಂಸ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದುದರಿಂದಲೇ 1909ರಲ್ಲಿ ಅಚ್ಚಾಗಿ ಎಲ್ಲರ ಕೈಗೆ ಬಂದಿತು. ಆದ್ದರಿಂದ ಕಳಚಿದ ಅಟ್ಟದ ಕಸವನ್ನು ಸುಡುವ ಮೊದಲು ಇನ್ನೊಮ್ಮೆ ಜಾಲಾಡಿ. ಗರಿಗಳು ಸಿಕ್ಕರೆ, ಅಂಟಿಕೊಂಡವನ್ನು ಚಾಕುವಿನಿಂದ ಬಿಡಿಸದೆ, ಬಿಸಿಲಿಗಿಡದೆ, ಬಟ್ಟೆಯಲ್ಲಿ ಸುತ್ತಿ ನಿಮ್ಮ ತಾಲ್ಲೂಕಿನದೇ ಆದ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ತೋರಿಸಿ; ಅಲ್ಲಿ ಓಲೆಗರಿಗಳ ದೊಡ್ಡ ಸಂಗ್ರಹವೇ ಇದೆ.

ಕಂಟವನ್ನು ಒಣಬಟ್ಟೆಯಲ್ಲಿ ಒರೆಸಿ ತೇವವಿಲ್ಲದ ಕಡೆ ಇಟ್ಟರೆ ಸದ್ಯಕ್ಕೆ ಸಾಕು. ಹಲಗೆಗಳ ಉದ್ದ, ಅಗಲ ಮತ್ತು ಎರಡು ತೂತುಗಳ ನಡುವಿನ ಅಂತರವನ್ನು ಅಳೆದು ಬರೆದಿಟ್ಟುಕೊಳ್ಳಿ, ನನಗೂ ಕಳುಹಿಸಿ. ಗರಿಯ ಅಳತೆಯೂ ಹಲಗೆಯ ಅಳತೆಯೂ ಒಂದಕ್ಕೊಂದು ಹೊಂದುವಂತಿರುತ್ತಿದ್ದವು. ನೆಂಟರ ಮನೆಯಲ್ಲೋ ಮಠದಲ್ಲೋ ಹಲಗೆ ಕಳೆದುಕೊಂಡ ಕಟ್ಟೊಂದಿದ್ದರೆ ಅದು ನಿಮ್ಮದೇ ಹೌದೋ ಅಲ್ಲವೋ ಎಂದು ಆ ಮೂರು ಅಳತೆಗಳಿಂದ ಹೋಲಿಸಿ ನೋಡಬಹುದು.

— ಸಂಪಾದಕ