ಹೊನ್ನಾಳಿಯ ಓದುಗರೊಬ್ಬರು ಪುಸ್ತಕಗಳ ಪಟ್ಟಿ ಕಳಿಸಿ ಕೇಳಿದ್ದಾರೆ: ತಾತನ ಕಪಾಟಿನಲ್ಲಿ ಅಚ್ಚಾಗಿ ಅರವತ್ತು ವರ್ಷ ದಾಟಿದ ಕನ್ನಡ ಪುಸ್ತಕಗಳಿವೆ. ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಬಹುದೇ?

ಅಚ್ಚಾದ ವರ್ಷದಿಂದ ಎಣಿಸಬೇಡಿ. ನಿಮ್ಮ ಪಟ್ಟಿಯಲ್ಲಿ 1940, 1952, 1961 ಅಂತ ಮುದ್ರಣದ ವರ್ಷಗಳಿವೆ, ಲೇಖಕರು ಯಾವಾಗ ತೀರಿಕೊಂಡರು ಅನ್ನುವುದು ಒಂದಕ್ಕೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕೇಳುವುದು ಅದನ್ನೇ. ನಾನು ನಿಮಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಸಾವಿನ ವರ್ಷವನ್ನೂ ಹುಡುಕಿದ್ದೆ. ಆದರೂ 412 ಪುಟದ ಕೆಲಸ ನೀರುಪಾಲಾಯಿತು. ಹೇಗೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕಪಾಟಿನಲ್ಲೂ ಅಂಥದೇ ಪುಸ್ತಕಗಳು ಇರುವ ಹಾಗೆ ಕಾಣುತ್ತದೆ.

ಅದು ಒಂದು ಷಟ್ಪದಿ ಕಾವ್ಯ. ಕವಿ ಹದಿನಾರನೇ ಶತಮಾನದವನು, ಅವನ ಹಕ್ಕಿನ ಮಾತೇ ಇಲ್ಲ. ನನ್ನ ಕೈಯಲ್ಲಿದ್ದದ್ದು 1951ರ ಮುದ್ರಣ. ಒಳಪುಟದಲ್ಲಿ ‘ಪ್ರಥಮ ಮುದ್ರಣ, ಪ್ರತಿಗಳು 1000, ಬೆಲೆ ರೂ. 3-8-0’ ಎಂದಿತ್ತು. ಅದರ ಮೇಲೆ ಸಂಪಾದಕರೆಂದು ಇಬ್ಬರ ಹೆಸರು. ಮೊದಲ ಹೆಸರಿನವರು 1958ರಲ್ಲಿ ತೀರಿಕೊಂಡಿದ್ದರು. ಲೆಕ್ಕ ಸುಲಭ: ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ. ಬೆರಳಲ್ಲಿ ಎಣಿಸುವುದಾದರೆ ಸಾವಿನ ವರ್ಷಕ್ಕೆ 61 ಕೂಡಿಸಿ, ಆ ವರ್ಷದ ಜನವರಿ 1ಕ್ಕೆ ಪುಸ್ತಕ ಬಿಡುಗಡೆ. 1958ಕ್ಕೆ 61 ಸೇರಿಸಿದರೆ 2019. ಆಯಿತಲ್ಲ ಅಂದುಕೊಂಡು ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಹಾಕಿದೆ. ಎರಡನೇ ಹೆಸರನ್ನು ಹುಡುಕಲೇ ಇಲ್ಲ.

ಅವರು ತೀರಿಕೊಂಡದ್ದು 1979ರಲ್ಲಿ.

ಇಬ್ಬರು ಸೇರಿ ಬರೆದು, ಯಾರದು ಯಾವ ಭಾಗ ಅಂತ ಬೇರ್ಪಡಿಸಲಾಗದಿದ್ದರೆ ಕಾಯ್ದೆ ಅದನ್ನು ಜಂಟಿ ಕೃತಿ ಎನ್ನುತ್ತದೆ. ಆಗ ಕೊನೆಗೆ ತೀರಿಕೊಂಡವರಿಂದ ಲೆಕ್ಕ. ಈ ಪುಸ್ತಕದಲ್ಲಿ ಪ್ರತಿ ಪದ್ಯದ ಕೆಳಗೆ ಗದ್ಯದಲ್ಲಿ ತಾತ್ಪರ್ಯ, ಮುಂದೆ ಉದ್ದದ ಪೀಠಿಕೆ, ಹಿಂದೆ ಕಠಿಣ ಪದಗಳ ಅರ್ಥಕೋಶ, ಯಾವುದರ ಕೆಳಗೂ ಒಬ್ಬರದೇ ಸಹಿ ಇಲ್ಲ. ಅಂದರೆ 1979ಕ್ಕೆ 61. 2040ರ ತನಕ ಮುಟ್ಟುವ ಹಾಗಿಲ್ಲ. ಹಕ್ಕುದಾರರ ಕಡೆಯಿಂದ ದೂರು ಹೋಯಿತು, ತಾಣದವರು ಕಡತ ತೆಗೆದರು. ಅದೇ ಸ್ಕ್ಯಾನನ್ನು ಪಕ್ಕದಲ್ಲಿಟ್ಟುಕೊಂಡು ಸುಮಾರು 260 ಪುಟ ಕರಡು ತಿದ್ದಿಯಾಗಿತ್ತು. ಚಿತ್ರ ತಾಣದಿಂದ ಹೋದಮೇಲೆ ತಿದ್ದಿದ ಪಠ್ಯವನ್ನು ಬೇರೆಯವರು ತಾಳೆ ನೋಡಲು ಅಲ್ಲಿ ಆಧಾರವೇ ಉಳಿಯಲಿಲ್ಲ. ದೂರು ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಕಾನೂನು ಅವರ ಕಡೆಗಿತ್ತು.

ಇನ್ನೂ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಮೂಲ ಪದ್ಯಗಳನ್ನಷ್ಟೇ ಬೇರೆ ಕಡತ ಮಾಡಿ ಹಾಕಿದ್ದರೆ ಅವು ಇವತ್ತಿಗೂ ಅಲ್ಲೇ ಇರುತ್ತಿದ್ದವು. ಪುಸ್ತಕಕ್ಕೆ ಒಂದೇ ಹಕ್ಕು ಇರುವುದಿಲ್ಲ. ಈರುಳ್ಳಿಯ ಹಾಗೆ ಪದರ ಪದರ: ಮೂಲ, ಅನುವಾದ, ಟೀಕೆ, ಮುನ್ನುಡಿ, ಒಳಚಿತ್ರಗಳು, ರಕ್ಷಾಪುಟ. ಒಂದೊಂದಕ್ಕೂ ಒಬ್ಬೊಬ್ಬರು, ಒಬ್ಬೊಬ್ಬರಿಗೂ ಒಂದು ಸಾವಿನ ವರ್ಷ. 1930ರಲ್ಲೇ ತೀರಿಹೋದ ಲೇಖಕರ ಕಾದಂಬರಿಗೆ ಮರುಮುದ್ರಣದಲ್ಲಿ ಇನ್ನೂ ಬದುಕಿರುವವರೊಬ್ಬರು ನಾಲ್ಕು ಪುಟದ ಮುನ್ನುಡಿ ಬರೆದಿದ್ದರೆ, ಆ ನಾಲ್ಕು ಪುಟವೂ ರಕ್ಷಾಪುಟದ ಚಿತ್ರವೂ ಬಿಟ್ಟು ಉಳಿದದ್ದನ್ನು ಹಾಕಬಹುದು. ಅಕ್ಷರ ಜೋಡಿಸಿದ ಅಂದಕ್ಕೆ ಇಂಗ್ಲೆಂಡಿನಲ್ಲಿ ಪ್ರಕಾಶಕರಿಗೆ 25 ವರ್ಷದ ಬೇರೆ ಹಕ್ಕಿದೆ. ನಮ್ಮ ಕಾಯ್ದೆಯಲ್ಲಿ ಅದಿಲ್ಲ.

‘ಸಂಪಾದಕರು ತಿದ್ದಿದ ಪಠ್ಯಕ್ಕೇ ಹಕ್ಕು ಇರುತ್ತದೆಯೇ?’ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2007ರ ಕೊನೆಯಲ್ಲಿ ಹೇಳಿದ್ದನ್ನು ನಾನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ: ಬರೀ ಬೆವರು ಸುರಿಸಿದರೆ ಸಾಲದು, ಸ್ವಲ್ಪವಾದರೂ ಸೃಜನಶೀಲತೆ ಇರಬೇಕು. ಕಾಗುಣಿತ ತಿದ್ದಿದ್ದು, ಅಲ್ಪವಿರಾಮ ಹಾಕಿದ್ದು ಅದಕ್ಕೆ ಬಾರದು. ಹತ್ತು ತಾಳೆಗರಿ ಪ್ರತಿ ಎದುರಿಟ್ಟುಕೊಂಡು ಪಾಠಾಂತರ ಆರಿಸಿದ್ದು ಬರಬಹುದು. ಆ ಗೊಂದಲವೇ ಬೇಡವೆಂದು ಹಳಗನ್ನಡಕ್ಕೆ ನಾನು ಈಗ ಹಳೆಯ ಗ್ರಂಥಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದ ಕಿಟೆಲ್, ಬಿ.ಎಲ್. ರೈಸ್ ಕಾಲದ ಮುದ್ರಣಗಳನ್ನೇ ಹುಡುಕುತ್ತೇನೆ. ಕಿಟೆಲ್ 1903ರಲ್ಲಿ, ರೈಸ್ 1927ರಲ್ಲಿ ತೀರಿಕೊಂಡವರು, ಅವರ ಕೆಲಸಕ್ಕೆ ನಮ್ಮಲ್ಲಿ ಯಾವ ತಕರಾರೂ ಇಲ್ಲ.

ನಿಮ್ಮ ಪಟ್ಟಿಯಲ್ಲಿರುವ ದೊಡ್ಡ ಹೆಸರುಗಳಿಗೆ ಲೆಕ್ಕ ನಾನೇ ಹಾಕಿದೆ, ಮೊದಲನೆಯದು ಸಾವಿನ ವರ್ಷ, ಎರಡನೆಯದು ಬಿಡುಗಡೆಯ ವರ್ಷ. ಬಿ.ಎಂ.ಶ್ರೀ 1946, ಹಾಗಾಗಿ 2007ರಿಂದಲೇ ಮುಕ್ತ. ಗೋವಿಂದ ಪೈ 1963, 2024ರ ಜನವರಿ 1ಕ್ಕೆ ಮುಕ್ತ. ಡಿವಿಜಿ 1975, ಅಂದರೆ 2036. ಬೇಂದ್ರೆ 1981, 2042. ಕುವೆಂಪು 1994, 2055. ಡಿವಿಜಿಯವರ 1940ರ ದಶಕದ ಪ್ರತಿ ಎಷ್ಟೇ ಹಳತಾಗಿರಲಿ, ಹಾಕುವಂತಿಲ್ಲ. ಲೇಖಕರು ತೀರಿಕೊಂಡ ಮೇಲೆ ಮೊದಲ ಬಾರಿ ಅಚ್ಚಾದ ಬರಹ ಇದ್ದರೆ ಅದಕ್ಕೆ ಮಾತ್ರ ಪ್ರಕಟಣೆಯ ವರ್ಷದಿಂದ 60. ಕಾವ್ಯನಾಮದಲ್ಲಿ ಬಂದದ್ದಕ್ಕೂ ಅದೇ ಲೆಕ್ಕ, ಆದರೆ ಆ ಅವಧಿಯೊಳಗೆ ನಿಜ ಹೆಸರು ಹೊರಬಿದ್ದರೆ ಮತ್ತೆ ಸಾವಿನ ವರ್ಷಕ್ಕೇ ಬರಬೇಕು. ಕನ್ನಡದಲ್ಲಿ ಕಾವ್ಯನಾಮದ ಹಿಂದೆ ಯಾರಿದ್ದಾರೆ ಅಂತ ಊರಿಗೆಲ್ಲ ಗೊತ್ತಿರುತ್ತದೆ, ಆದ್ದರಿಂದ ಈ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ. ಸಾವಿನ ವರ್ಷ ಸಿಗದಿದ್ದರೆ ಬದುಕಿದ್ದಾರೆ ಅಂತಲೇ ತಿಳಿಯಿರಿ. ಹುಡುಕುವುದಾದರೆ ಸಂಸ್ಮರಣ ಗ್ರಂಥಗಳು, ಸಾಹಿತ್ಯ ಪರಿಷತ್ತಿನ ಪ್ರಕಟಣೆಗಳು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ಯಾಟಲಾಗು. ಕೊನೆಯದರಲ್ಲಿ ಎಷ್ಟೋ ಕನ್ನಡ ಲೇಖಕರ ಹೆಸರಿನ ಪಕ್ಕ ಹುಟ್ಟಿದ, ತೀರಿಕೊಂಡ ವರ್ಷ ಇರುತ್ತದೆ.

ಹಳೆಯ ಮಾಸಪತ್ರಿಕೆಗಳ ಕಟ್ಟು ಇದೆ ಅಂದಿದ್ದೀರಿ. ಅದನ್ನು ಕೊನೆಗಿಡಿ. ಒಂದು ಸಂಚಿಕೆಯಲ್ಲಿ ಇಪ್ಪತ್ತು ಜನ ಬರೆದಿರುತ್ತಾರೆ, ಇಪ್ಪತ್ತು ಸಾವಿನ ವರ್ಷ ಹುಡುಕಬೇಕು.

ಈಗ ‘ತೆಗೆಯಿರಿ ಅಂದರೆ ನನ್ನ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆಯಲ್ಲವೇ’ ಅಂತ ಕೇಳಿದ್ದೀರಲ್ಲ. ಅಲ್ಲ. ಸಂವಿಧಾನದ 19(1)(ಎ) ಸರ್ಕಾರ ನಿಮ್ಮ ಬಾಯಿ ಮುಚ್ಚಿಸದಂತೆ ನೋಡಿಕೊಳ್ಳುತ್ತದೆ. ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ 2015ರಲ್ಲಿ, ಇಂಟರ್ನೆಟ್ಟಿನಲ್ಲಿ ಬರೆದದ್ದಕ್ಕೆ ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಬಿದ್ದುಹೋದದ್ದು ಆ ಬಲದಿಂದ. ಇನ್ನೊಬ್ಬರ ಕಾದಂಬರಿಯ ಪಿಡಿಎಫ್ ಹಾಕುವುದು ನಿಮ್ಮ ಮಾತಲ್ಲ, ಅವರ ಮಾತು. ಆ ಕಾದಂಬರಿಯನ್ನು ಬೈದು ವಿಮರ್ಶೆ ಬರೆದು, ನಡುವೆ ಅರ್ಧ ಪುಟ ಉದ್ಧರಿಸಿದಿರಿ ಅನ್ನಿ. ಅದಕ್ಕೂ ‘ಕಾಪಿರೈಟ್’ ಅಂತ ನೋಟಿಸು ಬಂದರೆ ಆಗ ನಿಜವಾಗಿಯೂ ಬಾಯಿ ಮುಚ್ಚಿಸುವ ಯತ್ನ. ಕಾಯ್ದೆಯ 52ನೇ ಕಲಮು ವಿಮರ್ಶೆಗೆ ಅವಕಾಶ ಕೊಡುತ್ತದೆ, ಆಧಾರವಿಲ್ಲದೆ ಬೆದರಿಸುವವರ ವಿರುದ್ಧ 60ನೇ ಕಲಮಿನಡಿ ನೀವೇ ಕೋರ್ಟಿಗೆ ಹೋಗಬಹುದು. ಇಡೀ ಪುಸ್ತಕ ಹಾಕುವುದನ್ನೂ ವಿಮರ್ಶೆಯನ್ನೂ ಒಂದೇ ಗಂಟಿಗೆ ಕಟ್ಟಿದರೆ ವಿಮರ್ಶೆಗಿರುವ ಬಲವೂ ಹೋಗುತ್ತದೆ.

ಹಾಗಂತ ಈ 60 ವರ್ಷ ನ್ಯಾಯವೆಂದು ನಾನು ಹೇಳುತ್ತಿಲ್ಲ. ಮೊದಲು 50 ಇತ್ತು. ರವೀಂದ್ರನಾಥ ಟಾಗೋರರ ಹಕ್ಕು 1991ರ ಕೊನೆಗೆ ಮುಗಿಯುವುದಿತ್ತು, 1992ರಲ್ಲಿ ತಿದ್ದುಪಡಿ ತಂದು ಎಲ್ಲರಿಗೂ ಹತ್ತು ವರ್ಷ ಹೆಚ್ಚಿಸಿದರು. ಮರುಮುದ್ರಣವೇ ಕಾಣದ ಕನ್ನಡ ಪುಸ್ತಕಗಳ ಕಾಗದ ಅಷ್ಟು ದಿನ ತಡೆಯುವುದಿಲ್ಲ, ಪುಟ ತಿರುವಿದರೆ ಹಪ್ಪಳದ ಹಾಗೆ ಮುರಿಯುತ್ತದೆ.

ಅದಕ್ಕೇ ನನ್ನ ಸಲಹೆ: ಸ್ಕ್ಯಾನ್ ಮಾಡುವುದನ್ನೂ ಹಾಕುವುದನ್ನೂ ಒಂದೇ ಕೆಲಸ ಅಂದುಕೊಳ್ಳಬೇಡಿ. ನಿಮ್ಮದೇ ಪ್ರತಿಯನ್ನು ನಿಮ್ಮ ಓದಿಗೆ, ಸಂಶೋಧನೆಗೆ ಸ್ಕ್ಯಾನ್ ಮಾಡಿಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಎಲ್ಲವನ್ನೂ ಈ ಬೇಸಿಗೆಯಲ್ಲೇ ಸ್ಕ್ಯಾನ್ ಮಾಡಿ. 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಸಾಕು ಅನ್ನುತ್ತಾರೆ, ಮೊಳೆ ಜೋಡಿಸಿ ಅಚ್ಚು ಹಾಕಿದ ಕನ್ನಡಕ್ಕೆ ಸಾಲದು, ಒತ್ತಕ್ಷರದ ಕೊಂಡಿಗಳು ಕೂಡಿಕೊಳ್ಳುತ್ತವೆ. 400 ಡಿಪಿಐ, ಬೂದು ಬಣ್ಣದಲ್ಲಿ ಮಾಡಿ. ಮೊದಲೇ ಕಪ್ಪು-ಬಿಳುಪು ಮಾಡಿದರೆ ಮಸುಕಾದ ಸೊನ್ನೆ, ದೀರ್ಘ ಎಲ್ಲ ಅಳಿಸಿಹೋಗುತ್ತವೆ, ಮತ್ತೆ ಬರುವುದಿಲ್ಲ. ಡೆಮಿ 1/8 ಅಳತೆಯ ಒಂದು ಪುಟ ಟಿಫ್ ರೂಪದಲ್ಲಿ ಸುಮಾರು 7.5 ಎಂಬಿ, 200 ಪುಟಕ್ಕೆ ಒಂದೂವರೆ ಜಿಬಿ. ಬೆನ್ನು ಮುರಿಯುವ ಪುಸ್ತಕವಾದರೆ ಫ್ಲ್ಯಾಟ್‌ಬೆಡ್ ಸ್ಕ್ಯಾನರಿನ ಮೇಲೆ ಒತ್ತಬೇಡಿ. ಮೇಲಿನಿಂದ ಕ್ಯಾಮೆರಾ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಎರಡು ದೀಪ. ಸ್ಕ್ಯಾನ್ ಟೇಲರ್ ಎಂಬ ಉಚಿತ ತಂತ್ರಾಂಶದಲ್ಲಿ ವಾರೆಯಾದದ್ದನ್ನು ನೆಟ್ಟಗೆ ಮಾಡಿ, ಅಂಚು ಕತ್ತರಿಸಿ. ಖಾಲಿ ಪುಟಗಳನ್ನೂ ಬಿಡಬೇಡಿ, ಬಿಟ್ಟರೆ ಮುಂದೆ ಪುಟಸಂಖ್ಯೆ ತಾಳೆಯಾಗದೆ ಒದ್ದಾಡಬೇಕು.

ಆಮೇಲೆ ಒಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ತಂತ್ರಾಂಶದಿಂದ ಪಠ್ಯ ಮಾಡಿಸುವುದು. ಟೆಸರಾಕ್ಟ್ ಆಗಲಿ, ಗೂಗಲ್ ಡ್ರೈವ್ ಆಗಲಿ, ಎರಡು ಕಡೆ ಕಣ್ಣಿಡಿ. ಹಳೆ ಅಚ್ಚಿನ ಅರ್ಕಾವತ್ತು ಕನ್ನಡದ ಒಂಬತ್ತರ ಹಾಗೆಯೇ ಕಾಣುವುದರಿಂದ ‘ಧರ್ಮ’ ಎಂಬುದು ‘ಧಮ೯’ ಆಗಿ ಬರುತ್ತದೆ. ಅನುಸ್ವಾರದ ಜಾಗದಲ್ಲಿ ಅಂಕಿ ಸೊನ್ನೆ ಕೂತಿರುತ್ತದೆ. ಕಣ್ಣಿಗೆ ವ್ಯತ್ಯಾಸವೇ ಕಾಣದು, ಆದರೆ ಆ ಪದ ಹುಡುಕಿದರೆ ಸಿಗುವುದಿಲ್ಲ. ಅಕ್ಷರದ ನಡುವೆ ಸಿಕ್ಕ ಅಂಕಿಗಳನ್ನು ಮೊದಲು ಹುಡುಕಿ ಬದಲಿಸಿ, ಅರ್ಧ ಕರಡು ಅಲ್ಲೇ ಮುಗಿಯುತ್ತದೆ.

ಹಕ್ಕು ಮುಗಿದದ್ದನ್ನು ಎಲ್ಲಿ ಹಾಕಬೇಕು ಅನ್ನುವುದಕ್ಕೆ ನೀವು ಟೆಲಿಗ್ರಾಂ, ಬ್ಲಾಗು, ಇಂಟರ್ನೆಟ್ ಆರ್ಕೈವ್ (archive.org) ಅಂತ ಮೂರು ಹೇಳಿದ್ದೀರಿ. ಆರ್ಕೈವ್. ಉಳಿದೆರಡರ ಚರ್ಚೆಯೇ ಬೇಡ, ಅಲ್ಲಿ ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ನಾಳೆ ಇರುವುದಿಲ್ಲ. ಒಂದು ಪುಸ್ತಕಕ್ಕೆ ಒಂದೇ ಕಡತ ಇರಲಿ, ವಿವರದಲ್ಲಿ ಲೇಖಕರ ಸಾವಿನ ವರ್ಷ ಬರೆದಿಡಿ. ವಿಕಿಪೀಡಿಯ ಬಳಗದ ಕಡತ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕುವುದಾದರೆ ಇನ್ನೊಂದು ತೊಡಕಿದೆ. ಅಲ್ಲಿ ಭಾರತದ ಕಾನೂನಿನ ಜೊತೆ ಅಮೆರಿಕದ್ದೂ ನೋಡುತ್ತಾರೆ. 1996ರ ಜನವರಿ 1ಕ್ಕೆ ಇಲ್ಲಿ ಹಕ್ಕು ಜೀವಂತವಿದ್ದ ಕೃತಿಗೆ ಅಲ್ಲಿ ಪ್ರಕಟವಾದ ವರ್ಷದಿಂದ 95 ವರ್ಷ ರಕ್ಷಣೆ. ಹಾಗಾಗಿ 1946ರಲ್ಲಿ ತೀರಿಕೊಂಡವರ 1938ರ ಪುಸ್ತಕ ಇಲ್ಲಿ ಮುಕ್ತವಾದರೂ ಅಲ್ಲಿ 2033ರ ಕೊನೆಯವರೆಗೆ ಇಲ್ಲ. ‘ನಮ್ಮಲ್ಲಿ ಮುಗಿದಿದೆಯಲ್ಲ’ ಅಂತ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ.

ಹಕ್ಕು ಇರುವ ಪುಸ್ತಕಕ್ಕೆ ಕುಟುಂಬದವರನ್ನೇ ಕೇಳಿ. ಇದು ನಡೆಯದ ಮಾತಲ್ಲ. ನಿರಂಜನರ ಕೃತಿಗಳೂ, ಮೈಸೂರಿನ ಕನ್ನಡ ವಿಶ್ವಕೋಶವೂ ಯಾರು ಬೇಕಾದರೂ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗೆ ಬಂದದ್ದು ಹೀಗೆ ಕೇಳಿದ್ದರಿಂದಲೇ. ಫೋನಿನಲ್ಲಿ ‘ಹಾಕ್ಕೊಳ್ಳಿ’ ಅಂದರೆ ಸಾಲದು. ಒಂದು ಪುಟದ ಪತ್ರ ಬೇಕು: ಕೃತಿಗಳ ಪಟ್ಟಿ, ತಾವು ವಾರಸುದಾರರೆಂಬ ಮಾತು, ‘ಸಿಸಿ ಬೈ-ಎಸ್‌ಎ 4.0’ ಅಂತ ಆವೃತ್ತಿಯ ಸಂಖ್ಯೆಯೊಡನೆ ಪರವಾನಗಿಯ ಹೆಸರು, ತಾರೀಖು, ಎಲ್ಲ ಮಕ್ಕಳ ಸಹಿ. ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲಾಗದು, ಯಾರಾದರೂ ಅಚ್ಚು ಹಾಕಿ ಮಾರಲೂಬಹುದು ಅನ್ನುವುದನ್ನು ಸಹಿಗೆ ಮೊದಲೇ ಬಿಡಿಸಿ ಹೇಳಿ. ಉಯಿಲು ಇದೆಯೇ ಅಂತಲೂ ಕೇಳಿ. ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ 2009ರಲ್ಲಿ ತೀರ್ಮಾನವಾಯಿತು, ಅದರ ಬುಡದಲ್ಲಿದ್ದದ್ದು ಒಂದು ಉಯಿಲು. ಮಕ್ಕಳೇ ವಾರಸುದಾರರೆಂದು ನಾವು ಊಹಿಸಿಕೊಳ್ಳುವಂತಿಲ್ಲ.

ನೋಟಿಸು ಬಂದರೆ ಮೊದಲು ಲೆಕ್ಕ ಮತ್ತೊಮ್ಮೆ ಹಾಕಿ. ತಪ್ಪು ನಿಮ್ಮದಾದರೆ ಅದೇ ದಿನ ತೆಗೆದು, ತೆಗೆದೆ ಅಂತ ಬರೆಯಿರಿ. ನೀವೇ ಸರಿ ಅಂತಾದರೆ, ನಮ್ಮ ಕಾಯ್ದೆಯಲ್ಲಿ ದೂರು ಕೊಟ್ಟವರು 21 ದಿನದೊಳಗೆ ಕೋರ್ಟಿನ ಆದೇಶ ತರಬೇಕು, ತರದಿದ್ದರೆ ತಾಣದವರು ಮತ್ತೆ ತೆರೆಯಬಹುದು. ಅಮೆರಿಕದ ತಾಣವಾದರೆ ಪ್ರತಿನೋಟಿಸು ಕೊಟ್ಟ 10ರಿಂದ 14 ಕೆಲಸದ ದಿನ. ಆ ಪ್ರತಿನೋಟಿಸಿನಲ್ಲಿ ನಿಮ್ಮ ಹೆಸರು, ವಿಳಾಸ ಕೊಟ್ಟು ಅಲ್ಲಿಯ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಒಪ್ಪಿದ್ದೇನೆ ಅಂತ ಸಹಿ ಹಾಕಬೇಕಾಗುತ್ತದೆ. ಹೊನ್ನಾಳಿಯಲ್ಲಿ ಕೂತು ಕ್ಯಾಲಿಫೋರ್ನಿಯದ ಕೋರ್ಟಿಗೆ ಒಪ್ಪುವ ಮೊದಲು ಎರಡು ಸಲ ಓದಿ.

ಅನುಮತಿಯೂ ಸಿಗದ, ಅವಧಿಯೂ ಮುಗಿಯದ ಪುಸ್ತಕಗಳು ಉಳಿಯುತ್ತವೆ. ಅವನ್ನು ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟರೆ, ತಮ್ಮ ಬಳಿ ಇರುವ ಪ್ರತಿಯನ್ನು ಉಳಿಸಿಡಲು ಅವರು ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿದೆ. ಅಂಧ ಓದುಗರಿಗೆ ಲಾಭವಿಲ್ಲದೆ ಯೂನಿಕೋಡ್ ಪಠ್ಯ ಮಾಡಿಕೊಡಲೂ 2012ರ ತಿದ್ದುಪಡಿಯ ನಂತರ ಅನುಮತಿ ಬೇಡ, ಅದು ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳಬೇಕು ಅಷ್ಟೇ. ಸ್ಕ್ಯಾನ್ ಮಾಡಿದ ಉಳಿದವನ್ನು ಹಾರ್ಡ್ ಡಿಸ್ಕಿನಲ್ಲಿ ಬಿಡುಗಡೆಯ ವರ್ಷದ ಹೆಸರಿನ ಫೋಲ್ಡರುಗಳಲ್ಲಿ ಇಡಿ, ಎರಡು ಡಿಸ್ಕಿನಲ್ಲಿ. ನನ್ನ ಹತ್ತಿರ 2036 ಇದೆ, 2042 ಇದೆ. ಆ 412 ಪುಟ 2040ರಲ್ಲಿದೆ, ತಿದ್ದಿದ 260 ಪುಟದ ಪಠ್ಯವೂ ಜೊತೆಗೇ. ಉಳಿದ 152 ಪುಟದ ಕರಡು ಇನ್ನೂ ನೋಡಿಲ್ಲ.