ಕೋಲು ಹಿಡಿಯಲು ನಾಚಿಕೆ

ಪ್ರಶ್ನೆ: ಪಾರ್ಶ್ವವಾಯು ಆದಮೇಲೆ ಎಡಗಾಲು ಎಳೆಯುತ್ತದೆ. ಕೋಲು ಹಿಡಿದರೆ ‘ಕುಂಟ’ ಅಂದಾರೆಂದು ಗೋಡೆ ಹಿಡಿದೇ ಓಡಾಡುತ್ತೇನೆ. ಹಿಂದೆ ನಾನೂ ಹಾಗೆ ಅಂದವನೇ.
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಅಂದು ನೀವಾಡಿದ ಮಾತೇ ಇಂದು ನಿಮ್ಮನ್ನು ಕಾಡುತ್ತಿದೆ. ಕನ್ನಡಕಕ್ಕಿಲ್ಲದ ನಾಚಿಕೆ ಕೋಲಿಗೇಕೆ? ಗೋಡೆ ಮುಗಿದಲ್ಲಿ ಬಿದ್ದರೆ ಸೊಂಟ ಮುರಿದೀತು.

ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ, ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಎತ್ತರವಾದರೆ ಭುಜ ನೋಯುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ. ಹಿಡಿಯಬೇಕಾದ್ದು ಬಲಗೈಯಲ್ಲಿ, ಬಹಳ ಜನ ಎಡವುವುದು ಇಲ್ಲೇ. ಕೋಲು, ಎಡಗಾಲು ಒಟ್ಟಿಗೆ ಮುಂದಕ್ಕೆ, ಆಮೇಲೆ ಬಲಗಾಲು. ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು. ಇಳಿಯುವಾಗ ಮೊದಲು ಕೋಲು, ಹಿಂದೆಯೇ ಎಡಗಾಲು. ತುದಿಯ ರಬ್ಬರ್ ಸವೆದರೆ ಜಾರುತ್ತದೆ, ಬದಲಿಸಿ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮೀಸಲಾತಿಗೆ ಕನಿಷ್ಠ ಶೇ. 40 ವೈಕಲ್ಯ ದೃಢವಾಗಬೇಕು.